ಹಳೇ ಪಿಕಪ್‌ಗೆ ಬೇರೆ ಎಂಜಿನ್: ಆರು ಸಿಲಿಂಡರ್‌ನವುಗಳಲ್ಲಿ ಯಾವುದನ್ನು ನಂಬಬಹುದು?

ಅಮೆರಿಕದಲ್ಲಿ ಮೂವತ್ತು ವರ್ಷ ಹಳೇ ಪಿಕಪ್ ಓಡಿಸುವವರು ಇವತ್ತಿಗೂ ಬೇಕಾದಷ್ಟು ಜನ ಇದ್ದಾರೆ. ಬಾಡಿ ಚೆನ್ನಾಗಿರುತ್ತದೆ, ಚಾಸಿಸ್‌ಗೆ ತುಕ್ಕು ಹತ್ತಿರುವುದಿಲ್ಲ, ಗೇರ್ ಸಲೀಸಾಗಿ ಬೀಳುತ್ತದೆ. ಎಂಜಿನ್ ಮಾತ್ರ ಕೈ ಕೊಟ್ಟಿರುತ್ತದೆ. ಆಗ ದಾರಿ ಮೂರು. ಇರುವ ಎಂಜಿನ್ ಬಿಚ್ಚಿ ರಿಪೇರಿ ಮಾಡಿಸಬಹುದು. ಅದೇ ಮಾದರಿಯ ಇನ್ನೊಂದನ್ನು ತಂದು ಕೂರಿಸಬಹುದು. ಇಲ್ಲಾಂದ್ರೆ ಬೇರೆಯದೇ ಎಂಜಿನ್ ಹಾಕಬಹುದು. ಈ ಮೂರನೆಯದೇ ಎಂಜಿನ್ ಸ್ವಾಪ್.

ನಮಗೂ ಇದು ಹೊಸದೇನಲ್ಲ. ಡೀಸೆಲ್ ಅಗ್ಗ ಅನ್ನುವ ಒಂದೇ ಕಾರಣಕ್ಕೆ ಪೆಟ್ರೋಲ್ ಅಂಬಾಸಿಡರ್‌ಗೆ ಮಟಾಡೋರ್ ಎಂಜಿನ್ ಕೂರಿಸಿದ ಕಾಲ ನಮ್ಮಲ್ಲೂ ಇತ್ತು. ಹಳೇ ಪೆಟ್ರೋಲ್ ಜೀಪುಗಳೂ ಹೀಗೇ ಡೀಸೆಲ್ ಆದವು. ಅಮೆರಿಕದವರ ಕಾರಣ ಬೇರೆ. ಅವರಿಗೆ ಹಳೇ ಗಾಡಿಯ ಸರಳತನವೂ ಬೇಕು, ಬೆಳಿಗ್ಗೆ ಎದ್ದು ಕೀ ತಿರುಗಿಸಿದರೆ ಸ್ಟಾರ್ಟ್ ಆಗುವ ಭರವಸೆಯೂ ಬೇಕು.

ಗಟ್ಟಿ ಎಂಜಿನ್ ಯಾವುದು ಅಂತ ಕೇಳಿ ನೋಡಿ, ಪ್ರತಿಯೊಬ್ಬರೂ ತಮ್ಮ ಅಪ್ಪ ಓಡಿಸಿದ ಗಾಡಿಯ ಹೆಸರು ಹೇಳುತ್ತಾರೆ. ಅದರಿಂದ ನಮಗೇನೂ ಗಿಟ್ಟುವುದಿಲ್ಲ. ಕೆಡದ ಎಂಜಿನ್ ಅಂತ ಯಾವುದೂ ಇಲ್ಲ. ಅದು ಎಲ್ಲಿ ಕೆಡುತ್ತದೆ, ಕೆಟ್ಟ ಜಾಗಕ್ಕೆ ಕೈ ಹೋಗುತ್ತದಾ, ನಿಮ್ಮ ಗಾಡಿಗೆ ಆ ಎಂಜಿನ್ ಎಷ್ಟು ಹತ್ತಿರದ ಸಂಬಂಧಿ ಅನ್ನುವುದನ್ನು ನೋಡಬೇಕು. ನನ್ನ ಪ್ರಕಾರ ಕೊನೆಯದಕ್ಕೇ ತೂಕ ಜಾಸ್ತಿ. ಯಾಕೆ ಅಂತ ಹೇಳೋಕೆ ಟೊಯೊಟಾಗಿಂತ ಒಳ್ಳೇ ಉದಾಹರಣೆ ಇಲ್ಲ.

ಟೊಯೊಟಾ 3.0 ಮತ್ತು ಅದರ ಆರನೇ ಸಿಲಿಂಡರ್

ಬೇರೆ ದೇಶಗಳಲ್ಲಿ ಹೈಲಕ್ಸ್ ಎನ್ನುವ ಗಾಡಿಯನ್ನು ಟೊಯೊಟಾ ಆ ಕಾಲದ ಅಮೆರಿಕದಲ್ಲಿ ಬರೀ 'ಪಿಕಪ್' ಅಂತ ಮಾರುತ್ತಿತ್ತು. ನಮ್ಮ ಬಿಡದಿಯಲ್ಲಿ ಈಗ ತಯಾರಾಗುವ ಹೈಲಕ್ಸ್ ಅದೇ ವಂಶದ್ದು. ಆ ಪಿಕಪ್‌ನ ಹೆಸರು ಉಳಿಸಿದ್ದು 22ಆರ್-ಇ ಎಂಬ 2.4 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್. ಆದರೆ ಅದಕ್ಕೆ ದಮ್ಮು ಕಡಿಮೆ. ಭಾರ ಎಳೆಯುವವರಿಗೆ, ಘಟ್ಟ ಹತ್ತುವವರಿಗೆ ಸಾಲುತ್ತಿರಲಿಲ್ಲ. ಹಾಗಾಗಿ 1988ರ ಮಾದರಿಯಿಂದ ಕಂಪನಿ 3.0 ಲೀಟರ್‌ನ ವಿ6 ಕೊಟ್ಟಿತು, ಅಂದರೆ ಮೂರು ಮೂರು ಸಿಲಿಂಡರ್‌ಗಳ ಎರಡು ಸಾಲು ಇಂಗ್ಲಿಷ್‌ನ 'ವಿ' ಆಕಾರದಲ್ಲಿರುವ ಎಂಜಿನ್. ಹೆಸರು 3ವಿಝೆಡ್-ಇ, 150 ಹಾರ್ಸ್‌ಪವರ್.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಸಿಲಿಂಡರ್‌ಗಳಿರುವ ಬ್ಲಾಕ್ ಎರಕದ ಕಬ್ಬಿಣದ್ದು, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಅಲ್ಯೂಮಿನಿಯಂದು, ಜೊತೆಗೆ ಫ್ಯೂಯೆಲ್ ಇಂಜೆಕ್ಷನ್. ರಸ್ತೆಗೆ ಬಂದ ಮೇಲೆ ಇವೆರಡರ ನಡುವಿನ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್‌ಗಳು ಹೋಗತೊಡಗಿದವು. ಕೊನೆಗೆ ಟೊಯೊಟಾ ವಿಶೇಷ ಅಭಿಯಾನ ಮಾಡಿ ತನ್ನ ಖರ್ಚಿನಲ್ಲೇ ಗ್ಯಾಸ್ಕೆಟ್ ಬದಲಿಸಿಕೊಡಬೇಕಾಯಿತು. ಟೊಯೊಟಾ ಹೆಸರಿನ ಎಂಜಿನ್‌ಗೆ ಇಂಥ ಗತಿ ಬಂದದ್ದು ಜನರಿಗೆ ಇನ್ನೂ ಮರೆತಿಲ್ಲ.

ಇನ್ನೊಂದು ಕಾಯಿಲೆ ಆರನೇ ಸಿಲಿಂಡರ್‌ನದು. ಎಡಗಡೆ ಸಾಲಿನ ಕಟ್ಟಕಡೆಯಲ್ಲಿ, ಡ್ಯಾಶ್‌ಬೋರ್ಡ್ ಕಡೆಯ ಗೋಡೆಗೆ ಹತ್ತಿರ ಇರುವ ಸಿಲಿಂಡರ್ ಇದು. ಎಡಗಡೆಯ ಹೊಗೆಯನ್ನು ಬಲಗಡೆಗೆ ದಾಟಿಸುವ ಪೈಪ್ ಎಂಜಿನ್ನಿನ ಬೆನ್ನ ಹಿಂದೆ, ಇದರ ಪಕ್ಕದಲ್ಲೇ ಹಾದುಹೋಗುತ್ತದೆ. ಕೆಂಡದಂಥ ಪೈಪು, ಗಾಳಿ ಆಡದ ಮೂಲೆ. ಈ ಸಿಲಿಂಡರ್‌ನ ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ ಅನ್ನುವುದು ಆ ಎಂಜಿನ್ ಬಿಚ್ಚುವವರಿಗೆಲ್ಲ ಗೊತ್ತಿರುವ ವಿಷಯ.

ಎಲ್ಲರೂ ಪೈಪನ್ನೇ ಬೈಯುತ್ತಾರೆ. ಅಷ್ಟಕ್ಕೇ ಬಿಡುವ ಹಾಗಿಲ್ಲ. ಮುಂದೆ ಹೇಳಲಿರುವ 3.4 ಲೀಟರ್ ಎಂಜಿನ್‌ನಲ್ಲೂ ಇಂಥದ್ದೇ ಪೈಪು ಹಿಂದಿನಿಂದ ದಾಟುತ್ತದೆ. ಅದು ಹೀಗೆ ಸುಡುವುದಿಲ್ಲ. ಹಾಗಾದರೆ ಇಲ್ಲಿ ಏನಾಗುತ್ತದೆ?

ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಬಿಟ್ಟುಕೊಡುವುದು ಮುಚ್ಚಿಕೊಂಡು ಸೀಟಿನ, ಅಂದರೆ ಅದು ಕೂರುವ ಲೋಹದ ಬಳೆಯ, ಮೇಲೆ ಕೂತಿರುವಾಗ. ಬಿಸಿ ಸೀಟಿಗೆ ಹೋಗಿ, ಅಲ್ಲಿಂದ ಹೆಡ್‌ಗೆ, ಅಲ್ಲಿಂದ ಕೂಲೆಂಟ್‌ಗೆ ಸೇರುತ್ತದೆ. ಗಾಡಿ ಓಡಿದಂತೆ ವಾಲ್ವೂ ಸೀಟೂ ಸವೆದು, ವಾಲ್ವ್ ಕೂದಲೆಳೆಯಷ್ಟು ಒಳಗೆ ಇಳಿಯುತ್ತದೆ. ಅದರ ಇನ್ನೊಂದು ತುದಿ ಅಷ್ಟೇ ಮೇಲಕ್ಕೆ ಬಂದು ವಾಲ್ವನ್ನು ಒತ್ತಿ ತೆರೆಯುವ ಕ್ಯಾಮ್‌ಗೂ ಅದಕ್ಕೂ ನಡುವಿನ ಸಂದು ಕಿರಿದಾಗುತ್ತದೆ. ಸಂದು ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ. ಸೀಟಿಗೆ ತಾಗದ ವಾಲ್ವ್‌ನಿಂದ ಬಿಸಿ ಇಳಿಯುವ ದಾರಿ ಕಟ್ಟಾಯಿತು. ಉರಿಯುವ ಅನಿಲ ಅದೇ ಸಂದಿನಲ್ಲಿ ನುಗ್ಗಿ ಅಂಚನ್ನು ಕೊರೆಯುತ್ತದೆ. ಇದನ್ನು ತಪ್ಪಿಸೋಕೆ ಆಗಾಗ ಸಂದು ಅಳೆದು, ಅದನ್ನು ಸರಿಮಾಡುವ ಶಿಮ್ ಎಂಬ ತೆಳು ಬಿಲ್ಲೆ ಬದಲಿಸಬೇಕು. ಆದರೆ ಈ ವಿ6ನಲ್ಲಿ ವಾಲ್ವ್ ಕವರ್ ತೆಗೆಯಬೇಕಾದರೆ ಮೊದಲು ಗಾಳಿ ಒಳಗೆ ಬಿಡುವ ಮೇಲಿನ ಇನ್‌ಟೇಕ್ ಪೆಟ್ಟಿಗೆಯನ್ನೇ ಬಿಚ್ಚಬೇಕು. ಅರ್ಧ ದಿನದ ಕೆಲಸ. ಓಡ್ತಿರೋ ಗಾಡಿಗೆ ಅಷ್ಟು ಕೆಲಸ ಯಾರು ಮಾಡಿಸುತ್ತಾರೆ, ಹೇಳಿ? ಕೈ ಹೋಗದ ಜಾಗದ ಸರ್ವಿಸ್ ನಡೆಯುವುದಿಲ್ಲ. ಮೊದಲೇ ಜಾಸ್ತಿ ಬಿಸಿ ಇರುವ ಮೂಲೆಯ ಸಿಲಿಂಡರ್ ಅದರ ಏಟನ್ನು ಮೊದಲು ತಿನ್ನುತ್ತದೆ.

ಈಗ ಅದರ ತಮ್ಮನ ಕಡೆ ಬನ್ನಿ. 1995ರಲ್ಲಿ ಟಕೋಮಾ ಪಿಕಪ್‌ನಲ್ಲಿ, ಆಮೇಲೆ ಫೋರ್‌ರನ್ನರ್ ಎಸ್‌ಯುವಿಯಲ್ಲಿ ಬಂದ 5ವಿಝೆಡ್-ಎಫ್ಇ. 3.4 ಲೀಟರ್, 24 ವಾಲ್ವ್, ಟಕೋಮಾದಲ್ಲಿ 190 ಹಾರ್ಸ್‌ಪವರ್. ಎರಡೂ ಎಂಜಿನ್ನುಗಳ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಒಂದೇ, 82 ಮಿಲಿಮೀಟರ್. ಬೋರ್, ಅಂದರೆ ಸಿಲಿಂಡರ್‌ನ ಅಗಲ, ಮಾತ್ರ 87.5ರಿಂದ 93.5ಕ್ಕೆ ಹಿಗ್ಗಿದೆ. ಲೀಟರಿಗೆ ಲೆಕ್ಕ ಹಾಕಿದರೆ ಹಳೆಯದು ಸುಮಾರು 51 ಹಾರ್ಸ್‌ಪವರ್ ಕೊಟ್ಟರೆ ಹೊಸದು 56 ಕೊಡುತ್ತದೆ. ಅಂದರೆ ಹೆಚ್ಚು ದುಡಿಯುತ್ತದೆ, ಆದರೂ ಹೆಚ್ಚು ಬಾಳುತ್ತದೆ. ಶಕ್ತಿ ಕಡಿಮೆ ಇದ್ದರೆ ಆಯಸ್ಸು ಜಾಸ್ತಿ ಅನ್ನುವ ಮಾತು ಅರ್ಧ ಮಾತ್ರ ನಿಜ. ಬಿಸಿಯನ್ನು ಹೊರಗೆ ಸಾಗಿಸುವುದು, ಹೆಡ್‌ಗೂ ಬ್ಲಾಕ್‌ಗೂ ನಡುವಿನ ಗ್ಯಾಸ್ಕೆಟ್ ಬಿಗಿಯಾಗಿ ನಿಲ್ಲುವುದು, ಇವೂ ಅಷ್ಟೇ ಮುಖ್ಯ.

3.4ಕ್ಕೂ ಬೇನೆ ಇಲ್ಲದಿಲ್ಲ. ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಂಪಾಗುವುದು ರೇಡಿಯೇಟರ್ ಒಳಗೇ ಇರುವ ಒಂದು ಕೊಳವೆಯಲ್ಲಿ. ಹಳೇ ರೇಡಿಯೇಟರ್‌ನಲ್ಲಿ ಆ ಕೊಳವೆ ಒಡೆದರೆ ಆಯಿಲೂ ಕೂಲೆಂಟೂ ಸೇರಿ ಗುಲಾಬಿ ಬಣ್ಣದ ಗಂಜಿಯಾಗುತ್ತದೆ, ಗೇರ್‌ಬಾಕ್ಸ್ ಕತೆ ಮುಗಿಯುತ್ತದೆ. ಇಲ್ಲಿ ತಪ್ಪು ಎಂಜಿನ್‌ದಲ್ಲ, ರೇಡಿಯೇಟರ್‌ದು. ಹೊಸ ರೇಡಿಯೇಟರ್ ಹಾಕಿದರೆ ಆಯಿತು. ಕ್ಯಾಮ್‌ಗಳನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಬದಲಿಸುವ ಗಡುವು 90,000 ಮೈಲಿ, ಅಂದರೆ ಸುಮಾರು 1,45,000 ಕಿಲೋಮೀಟರ್. ಅಕಸ್ಮಾತ್ ಬೆಲ್ಟ್ ಹರಿದರೂ ಪಿಸ್ಟನ್ ವಾಲ್ವ್‌ಗೆ ಬಡಿಯುವುದಿಲ್ಲ. ಗಾಡಿ ರಸ್ತೆಯಲ್ಲಿ ನಿಲ್ಲುತ್ತದೆ, ಎಂಜಿನ್ ಸಾಯುವುದಿಲ್ಲ.

ಕೂರಿಸುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ

3.0 ಇದ್ದ ಪಿಕಪ್‌ಗೆ 3.4 ಹಾಕುವುದು ಅಮೆರಿಕದಲ್ಲಿ ತುಂಬ ಹೆಸರಾದ ಸ್ವಾಪ್. ಎರಡೂ ಒಂದೇ ಕುಟುಂಬದವು ಆಗಿರುವುದೇ ಕಾರಣ. 3.0ಕ್ಕಿದ್ದ ಆರ್150ಎಫ್ ಎಂಬ ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸೇ 3.4ರ ಹಿಂದೆಯೂ ಬಂದಿದೆ. ಗೇರ್‌ಬಾಕ್ಸನ್ನು ಎಂಜಿನ್‌ಗೆ ಜೋಡಿಸುವ ಬೆಲ್ ಹೌಸಿಂಗ್‌ನ ಬೋಲ್ಟ್ ತೂತುಗಳು ಒಂದಕ್ಕೊಂದು ಕೂಡುತ್ತವೆ. ಎಂಜಿನ್ನನ್ನು ಚಾಸಿಸ್‌ಗೆ ಹಿಡಿದಿಡುವ ಹಳೇ ಮೌಂಟ್ ಬ್ರ್ಯಾಕೆಟ್‌ಗಳು ಹೊಸ ಬ್ಲಾಕ್‌ಗೆ ಕೂರುತ್ತವೆ. ಚಾಸಿಸ್‌ಗೆ ವೆಲ್ಡಿಂಗ್ ಬೇಕಿಲ್ಲ.

ಕಬ್ಬಿಣದ ಕೆಲಸ ಅಷ್ಟಕ್ಕೆ ಮುಗಿಯಿತು. ನಿಜವಾಗಿ ತಲೆ ತಿನ್ನುವುದು ವೈರಿಂಗ್.

3.0ದಲ್ಲಿ ಪ್ರತಿ ಸಿಲಿಂಡರ್‌ಗೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇದೆ. ಒಳಗೆ ಬರುವ ಗಾಳಿಯನ್ನು ಒಂದು ರೆಕ್ಕೆ ಅಳೆಯುತ್ತದೆ. 3.4ರಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಮೂರು ಕಾಯಿಲ್‌ಗಳಿವೆ. ಗಾಳಿಯನ್ನು ಬಿಸಿ ತಂತಿಯೊಂದು ಅಳೆಯುತ್ತದೆ. ಹಾಗಾಗಿ ಹಳೇ ಕಂಪ್ಯೂಟರ್ ಇದಕ್ಕೆ ಆಗುವುದಿಲ್ಲ. ಎಂಜಿನ್ ಬಂದ ಗಾಡಿಯಿಂದಲೇ ಇಸಿಯು ಎಂಬ ಕಂಪ್ಯೂಟರ್, ಪೂರ್ತಿ ವೈರಿಂಗ್ ಮಾಲೆ, ಸೆನ್ಸರ್‌ಗಳು ಎಲ್ಲಾ ಬರಬೇಕು. ಬರೀ ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಆಮೇಲೆ ಒಂದೊಂದೇ ಕನೆಕ್ಟರ್ ಹುಡುಕುತ್ತಾ ಕೂರುವವರ ಗಾಡಿಗಳು ವರ್ಷಗಟ್ಟಲೆ ಅಂಗಳದಲ್ಲೇ ನಿಂತಿರುತ್ತವೆ. ಕಂಪ್ಯೂಟರ್‌ಗೆ ಗಾಡಿಯ ವೇಗದ ಸಿಗ್ನಲೂ ಬೇಕು. ಕೀಯಲ್ಲಿ ಚಿಪ್ ಇರುವ ಗಾಡಿಯಿಂದ ಎಂಜಿನ್ ತಂದರೆ ಆ ಕಳ್ಳಗಾವಲಿನ ಪೆಟ್ಟಿಗೆಯನ್ನೂ ಸಮಾಧಾನ ಮಾಡಬೇಕು. ಹುಡುಕುವಾಗಲೇ ಮ್ಯಾನುಯಲ್ ಗೇರ್, ಚಿಪ್ ಇಲ್ಲದ ಕೀ, ಗುಜರಿಗೆ ಹೋಗುವ ಮೊದಲು ಓಡುತ್ತಿದ್ದ ಪೂರ್ತಿ ಗಾಡಿ ಸಿಕ್ಕರೆ ಅದನ್ನೇ ಕೊಳ್ಳುವುದು ಜಾಣತನ. ದುಡ್ಡು ಸ್ವಲ್ಪ ಜಾಸ್ತಿಯೇ ಆಗಲಿ.

ಎಂಜಿನ್ ಇನ್ನೂ ಸ್ಟ್ಯಾಂಡ್ ಮೇಲಿರುವಾಗಲೇ ಮಾಡಿಬಿಡಬೇಕಾದ ಒಂದು ಸಣ್ಣ ಕೆಲಸ ಇದೆ. ಎರಡು ಸಾಲು ಸಿಲಿಂಡರ್‌ಗಳ ನಡುವಿನ ಕಣಿವೆಯಲ್ಲಿ, ಇನ್‌ಟೇಕ್‌ನ ಕೆಳಗೆ, ಎಂಜಿನ್ ಬಡಿತವನ್ನು ಗುರುತಿಸುವ ನಾಕ್ ಸೆನ್ಸರ್‌ಗಳು ಕೂತಿರುತ್ತವೆ. ವರ್ಷಾನುಗಟ್ಟಲೆ ಬಿಸಿ ತಿಂದ ಅವುಗಳ ವೈರು ಮುಟ್ಟಿದರೆ ಪುಡಿಯಾಗುತ್ತದೆ. ಈಗ ಬದಲಿಸಿದರೆ ಸಣ್ಣ ಖರ್ಚು. ಕೂರಿಸಿದ ಮೇಲೆ ಡ್ಯಾಶ್‌ಬೋರ್ಡ್‌ನ ಎಚ್ಚರಿಕೆ ಲೈಟು ಉರಿದರೆ ಮತ್ತೆ ಇನ್‌ಟೇಕ್ ಬಿಚ್ಚಬೇಕು. ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಹಿಂದಿನ ಸೀಲ್, ವಾಟರ್ ಪಂಪ್, ಬೆಲ್ಟ್, ಹಿಂಭಾಗದ ಹೀಟರ್ ಹೋಸ್‌ಗಳಿಗೂ ಇದೇ ಮಾತು.

ಸಾಲಾಗಿ ಆರು, ಎದುರುಬದುರು ಮೂರು ಮೂರು

ಟೊಯೊಟಾ ಬಿಟ್ಟು ಅಮೆರಿಕದ ಸ್ವಂತ ಪಿಕಪ್‌ಗಳಿಗೆ ಬಂದರೆ, ಅಲ್ಲಿ ಹೆಸರು ಮಾಡಿದ್ದು ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿರುವ ಎಂಜಿನ್‌ಗಳು. ಇನ್‌ಲೈನ್ ಸಿಕ್ಸ್ ಅನ್ನುತ್ತಾರೆ. ಅದರಲ್ಲಿ ಮೇಲೆ ಹೋಗುವ ಪಿಸ್ಟನ್‌ಗಳ ತಳ್ಳಾಟ ಕೆಳಗೆ ಬರುವವುಗಳ ತಳ್ಳಾಟಕ್ಕೆ ಸರಿಹೋಗಿ ಎಂಜಿನ್ ಹೆಚ್ಚುಕಡಿಮೆ ಅಲುಗಾಡುವುದೇ ಇಲ್ಲ. ಫೋರ್ಡ್ 300, ಜೀಪ್ 4.0 ಎರಡರಲ್ಲೂ ಕ್ರ್ಯಾಂಕ್‌ಗೆ ಏಳು ಮೇನ್ ಬೇರಿಂಗ್. ಪ್ರತಿ ಪಿಸ್ಟನ್‌ನ ಏಟನ್ನು ಎರಡೂ ಪಕ್ಕದಿಂದ ಹಿಡಿದುಕೊಳ್ಳುತ್ತವೆ. ವಿ6ನ ಕ್ರ್ಯಾಂಕ್‌ಗೆ ಸಾಮಾನ್ಯವಾಗಿ ನಾಲ್ಕೇ. ಕ್ರಿಸ್ಲರ್‌ನ ಸ್ಲ್ಯಾಂಟ್ ಸಿಕ್ಸ್ ಮಾತ್ರ ಇದಕ್ಕೆ ತಕರಾರು. ಸಾಲಾಗಿಯೇ ಇದ್ದರೂ ಬೇರಿಂಗ್ ನಾಲ್ಕೇ, ಹಾಗಿದ್ದೂ ಹೆಸರು ಗಟ್ಟಿ.

ಫೋರ್ಡ್ 300 ಬಂದದ್ದು 1965ರ ಮಾದರಿಯಲ್ಲಿ, ಹೋದದ್ದು 1996ರಲ್ಲಿ. 4.9 ಲೀಟರ್. ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲಿನ ಕಾಲದಲ್ಲೂ ಸುಮಾರು 150 ಹಾರ್ಸ್‌ಪವರ್ ಅಷ್ಟೇ. ಲೀಟರಿಗೆ ಮೂವತ್ತು! ಆದರೆ ಎಳೆಯುವ ಬಲ 2000 ಆರ್‌ಪಿಎಂ ಆಸುಪಾಸಿನಲ್ಲೇ ಪೂರ್ತಿ ಸಿಗುತ್ತದೆ. ಓಡುವ ಗಾಡಿಯಲ್ಲಷ್ಟೇ ಅಲ್ಲ, ಮರ ಪುಡಿ ಮಾಡುವ ಯಂತ್ರಗಳಲ್ಲಿ, ಜನರೇಟರ್‌ಗಳಲ್ಲಿ, ಯುಪಿಎಸ್ ಕಂಪನಿಯ ಪಾರ್ಸೆಲ್ ವ್ಯಾನ್‌ಗಳಲ್ಲಿ ಇದೇ ಎಂಜಿನ್ ದುಡಿಯಿತು. ಟೈಮಿಂಗ್‌ಗೆ ಬೆಲ್ಟೂ ಇಲ್ಲ, ಚೈನೂ ಇಲ್ಲ. ಕ್ರ್ಯಾಂಕ್‌ನ ಗೇರು ನೇರವಾಗಿ ಕ್ಯಾಮ್‌ನ ಗೇರನ್ನು ತಿರುಗಿಸುತ್ತದೆ. ಇದರಲ್ಲೂ ಒಂದು ತೊಡಕು ಇದೆ. ಪಿಕಪ್‌ಗಳಲ್ಲಿ ಸದ್ದು ಕಡಿಮೆ ಇರಲಿ ಅಂತ ಕ್ಯಾಮ್ ಗೇರನ್ನು ಫೈಬರ್‌ನಲ್ಲಿ ಮಾಡಿದ್ದರು. ತುಂಬ ಓಡಿದ ಎಂಜಿನ್‌ನಲ್ಲಿ ಅದರ ಹಲ್ಲು ಕಿತ್ತುಬರಬಹುದು. ಲೋಹದ ಗೇರ್ ಹಾಕಿಬಿಟ್ಟರೆ ಆ ಚಿಂತೆ ಇಲ್ಲ. ಒಂಚೂರು ಕಿರುಗುಟ್ಟುತ್ತದೆ, ಇರಲಿ.

ಫೋರ್ಡ್‌ನ ಹಳೇ ಎಫ್-150 ಪಿಕಪ್‌ಗೆ 300 ಕೂರಿಸುವವರು ಎಡವುವ ಜಾಗ ಬೇರೆ. ಫೋರ್ಡ್‌ನ 302 ವಿ8ಗೂ ಇದಕ್ಕೂ ಬೆಲ್ ಹೌಸಿಂಗ್ ತೂತುಗಳು ಒಂದೇ. ಅದೇ ಧೈರ್ಯದಲ್ಲಿ ವಿ8ನ ಫ್ಲೈವೀಲನ್ನೇ, ಅಂದರೆ ಕ್ರ್ಯಾಂಕ್‌ನ ಹಿಂದೆ ತಿರುಗುವ ಭಾರದ ಚಕ್ರವನ್ನೇ, ಉಳಿಸಿಕೊಂಡರೆ ಕೆಟ್ಟಿತು. 302ರ ಫ್ಲೈವೀಲ್‌ನಲ್ಲಿ ಬೇಕಂತಲೇ ಒಂದು ಕಡೆ ತೂಕ ಜಾಸ್ತಿ ಇಟ್ಟಿರುತ್ತಾರೆ, ಆ ಎಂಜಿನ್ನಿನ ಸಮತೋಲಕ್ಕೆ ಅದು ಬೇಕು. 300ಕ್ಕೆ ಬೇಡ. ಬೋಲ್ಟ್ ಕೂತಿತು, ಗಾಡಿ ಸ್ಟಾರ್ಟ್ ಆಯಿತು, ಆದರೆ ಸ್ಟಿಯರಿಂಗ್ ನಡುಗುತ್ತದೆ. ಬೋಲ್ಟ್ ಕೂತ ಮಾತ್ರಕ್ಕೆ ಎಂಜಿನ್ ಹೊಂದಿತು ಅಂತ ಅಲ್ಲ.

ಜೀಪ್ 4.0 ಬದುಕಿದ್ದು 1987ರಿಂದ 2006ರವರೆಗೆ. ಜೀಪ್‌ನ ಪಿಕಪ್ ಕೊಮಾಂಚೆಯಲ್ಲೂ ಇದು ಬಂತು. 1986ರ ಕೊಮಾಂಚೆಗೆ ಜಿಎಂ ಕಂಪನಿಯ 2.8 ವಿ6 ಹಾಕಿದ್ದರು, 115 ಹಾರ್ಸ್‌ಪವರ್‌ನ ಬಡಪಾಯಿ. ಅದನ್ನು ಕಿತ್ತು 4.0 ಕೂರಿಸುವುದು ಇವತ್ತಿಗೂ ನಡೆಯುವ ಕೆಲಸ. ಒಂದೇ ಎಚ್ಚರಿಕೆ: 2000-01ರ ಆಸುಪಾಸಿನ ಎಂಜಿನ್ನುಗಳಲ್ಲಿ 0331 ಎಂದು ಅಚ್ಚೊತ್ತಿದ ಹೆಡ್ ಇರುತ್ತದೆ. ಅದು ಮೂರು, ನಾಲ್ಕನೇ ಸಿಲಿಂಡರ್‌ಗಳ ನಡುವೆ ಬಿರುಕು ಬಿಡುವುದಕ್ಕೆ ಹೆಸರುವಾಸಿ. ಗುಜರಿಯಲ್ಲಿ ನಿಂತಾಗ ಮೊದಲು ಹೆಡ್ ಮೇಲಿನ ಅಂಕಿ ಓದಿ.

ಷೆವ್ರೊಲೆಯ 4.3 ವಿ6 ಅಂದರೆ ಅವರ 350 ವಿ8ನಿಂದ ಎರಡು ಸಿಲಿಂಡರ್ ಕಡಿಮೆ ಮಾಡಿದ್ದು. ವಿ8ನ 90 ಡಿಗ್ರಿ ಕೋನ ಹಾಗೇ ಉಳಿದಿದ್ದರಿಂದ ಸ್ವಲ್ಪ ಅದುರುತ್ತದೆ. 1990ರ ದಶಕದಲ್ಲಿ ಅದಕ್ಕೇ ಬ್ಯಾಲೆನ್ಸ್ ಶಾಫ್ಟ್ ಸೇರಿಸಿದರು. ಒಳಗಿನ ಕಬ್ಬಿಣ ಗಟ್ಟಿ. ಕೈ ಕೊಡುವುದು ಮೇಲಿನ ಸಾಮಾನು: ಇನ್‌ಟೇಕ್ ಗ್ಯಾಸ್ಕೆಟ್, ಜೇಡರ ಕಾಲಿನಂಥ ಕೊಳವೆಗಳ ಇಂಜೆಕ್ಟರ್. ಎರಡೂ ಮೇಲಿನಿಂದಲೇ ಕೈಗೆ ಸಿಗುತ್ತವೆ, ಹಾಗಾಗಿ ಕ್ಷಮಿಸಬಹುದು.

ಫೋರ್ಡ್ ರೇಂಜರ್ ಪಿಕಪ್‌ಗೆ 2001ರಿಂದ ಬಂದ 4.0 ಎಸ್‌ಒಎಚ್‌ಸಿ (ಪ್ರತಿ ಸಾಲಿನ ಹೆಡ್‌ನಲ್ಲೂ ಒಂದು ಕ್ಯಾಮ್ ಇರುವ) ವಿ6ನ್ನು ನಾನು ಕ್ಷಮಿಸಲಾರೆ. ಒಂದು ಸಾಲಿನ ಕ್ಯಾಮ್‌ಗೆ ಚೈನ್ ಮುಂದಿನಿಂದ ಹೋಗುತ್ತದೆ, ಇನ್ನೊಂದಕ್ಕೆ ಎಂಜಿನ್ನಿನ ಹಿಂಭಾಗದಿಂದ. ಚೈನ್ ಹಿಡಿದಿಡುವ ಗೈಡ್‌ಗಳು ಪ್ಲಾಸ್ಟಿಕ್. ಹಿಂದಿನದು ಮುರಿಯಿತು ಅಂದರೆ ಒಂದು ಪ್ಲಾಸ್ಟಿಕ್ ತುಂಡಿಗೋಸ್ಕರ ಇಡೀ ಎಂಜಿನ್ ಕೆಳಗಿಳಿಸಬೇಕು. 200 ಹಾರ್ಸ್‌ಪವರ್ ಮೀರಿದ ಎಂಜಿನ್ ಅಂತ ಸ್ವಾಪ್‌ಗೆ ಆಸೆಪಡುವವರು ಇದನ್ನು ನೋಡಿ ಆಸೆಪಡಲಿ.

ಕಮ್ಮಿನ್ಸ್ ಹುಚ್ಚು

ಆರು ಸಿಲಿಂಡರ್ ಅಂದ ಮೇಲೆ ಕಮ್ಮಿನ್ಸ್ 5.9 ಡೀಸೆಲ್ ಬಿಡೋಕಾಗುತ್ತಾ? 1989ರಲ್ಲಿ ಡಾಡ್ಜ್ ಪಿಕಪ್‌ಗೆ ಬಂತು. 160 ಹಾರ್ಸ್‌ಪವರ್, 400 ಪೌಂಡ್-ಅಡಿ ಟಾರ್ಕ್. ಇದು ನಮಗೂ ಪರಿಚಯದ ಮನೆತನ. ಟಾಟಾ ಕಮ್ಮಿನ್ಸ್ ಇದೇ ಬಿ ಸರಣಿಯ ಎಂಜಿನ್ನುಗಳನ್ನು ಜಮ್ಶೆಡ್‌ಪುರದಲ್ಲಿ ತಯಾರಿಸಿತು, ನಮ್ಮ ಹೆದ್ದಾರಿಗಳ ಟಾಟಾ ಲಾರಿಗಳಲ್ಲಿ ಅವು ಲೋಡು ಎಳೆದವು. ಮೂಲದಲ್ಲೇ ಲಾರಿ ಎಂಜಿನ್. ಹಳೇ 12 ವಾಲ್ವ್ ಮಾದರಿಯಲ್ಲಿ ಪಂಪು ಪೂರ್ತಿ ಮೆಕ್ಯಾನಿಕಲ್, ಕಂಪ್ಯೂಟರ್ ಬೇಕಿಲ್ಲ. ವೈರಿಂಗ್ ಗೋಳು ಇಲ್ಲದ್ದರಿಂದಲೇ ಹಳೇ ಫೋರ್ಡ್‌ಗಳಿಗೆ ಅದನ್ನು ಕೂರಿಸುವ ಹುಚ್ಚು ಹಬ್ಬಿದ್ದು.

ಆದರೆ ತೂಕ ನೋಡಿ, ಸುಮಾರು ಅರ್ಧ ಟನ್. ಮುಂದಿನ ಸ್ಪ್ರಿಂಗ್ ಕುಸಿಯುತ್ತದೆ, ಆಕ್ಸಲ್ ದಪ್ಪದ್ದು ಬೇಕು, ಬ್ರೇಕ್ ದೊಡ್ಡದು ಬೇಕು. ಡೀಸೆಲ್‌ನಲ್ಲಿ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗುವುದಿಲ್ಲ, ಅದಕ್ಕೊಂದು ಪಂಪು. ಗೇರ್‌ಬಾಕ್ಸ್‌ಗೆ ಅಡಾಪ್ಟರ್ ಪ್ಲೇಟು. ಎಂಜಿನ್ ಏನೋ ಸಾಯುವುದಿಲ್ಲ, ಅದರ ಸುತ್ತಲಿನದೆಲ್ಲ ಸವೆಯುತ್ತದೆ. ಎಂಜಿನ್‌ಗೂ ಒಂದು ಕುಖ್ಯಾತ ಬೇನೆ ಇದೆ. ಮುಂಭಾಗದ ಗೇರ್ ಪೆಟ್ಟಿಗೆಯನ್ನು ಜೋಡಿಸುವಾಗ ಅದು ಸರಿಯಾದ ಜಾಗದಲ್ಲಿ ಕೂರಲಿ ಅಂತ ಬಳಸಿದ ಬೆರಳುದ್ದಕ್ಕಿಂತ ಚಿಕ್ಕ ಉಕ್ಕಿನ ಪಿನ್ನು ಕ್ರಮೇಣ ಸಡಿಲವಾಗಿ ಗೇರುಗಳ ಮೇಲೆ ಬೀಳಬಹುದು. ಬಿದ್ದರೆ ಪೆಟ್ಟಿಗೆ ಒಡೆಯುತ್ತದೆ. ಪಿನ್ನಿನ ಬಾಯಿಗೆ ಒಂದು ಲೋಹದ ಪಟ್ಟಿ ಅಡ್ಡ ಹಾಕಿ ಬೋಲ್ಟ್ ಬಿಗಿದರೆ ಸಾಕು. ಸ್ವಾಪ್ ಮಾಡುವಾಗ ಅದನ್ನು ಹಾಕದೇ ಬಿಡುವವರನ್ನು ಕಂಡರೆ ನನಗೆ ಆಶ್ಚರ್ಯ.

ಕಾಗದಪತ್ರ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ಗಮನಿಸಬೇಕು. ಅಲ್ಲಿ 1976ರಿಂದೀಚಿನ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆ ಇದೆ. ಹಾಕುವ ಎಂಜಿನ್ ಗಾಡಿಯಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಅದರ ಜೊತೆ ಬಂದ ಕ್ಯಾಟಲಿಟಿಕ್ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ ಹಿಡಿಯುವ ಡಬ್ಬಿ ಎಲ್ಲವೂ ಇರಬೇಕು. ಸ್ಮಾಗ್ ರೆಫರಿ ಎಂಬ ಹೊಗೆ ಪರೀಕ್ಷಕರು ನೋಡಿ ಒಪ್ಪಿದರೆ ಗಾಡಿಗೆ ಒಂದು ಲೇಬಲ್ ಅಂಟಿಸುತ್ತಾರೆ. 1996ರ ಟಕೋಮಾದ ಎಂಜಿನ್ 1990ರ ಪಿಕಪ್‌ಗೆ ನಡೆಯುತ್ತದೆ, ತಿರುಗಾಮುರುಗಾ ನಡೆಯುವುದಿಲ್ಲ.

ನಮ್ಮಲ್ಲಿ ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಚಿತಪಡಿಸಿತು. ಆ ಅಂಬಾಸಿಡರ್ ಕಾಲದ ಧೈರ್ಯ ಈಗ ಆರ್‌ಟಿಒ ಕಚೇರಿಯಲ್ಲಿ ನಡೆಯದು.

ಇನ್ನು ಎಂಜಿನ್ ಆರಿಸುವ ದಿನ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಕೇಳಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಆಯಿಲ್ ಮುಚ್ಚಳದ ಒಳಗೆ ಕೆನೆಬಣ್ಣದ ಜಿಡ್ಡು ಇದ್ದರೆ ಕೂಲೆಂಟ್ ಸೇರಿರಬಹುದು. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಒತ್ತಿದಾಗ ಬರುವ ಒತ್ತಡ, ಆರಕ್ಕೆ ಆರೂ ಸಿಲಿಂಡರ್‌ಗಳಲ್ಲಿ ಅಳೆಯಿರಿ. ಅಂಕಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಆರೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಮತ್ತೆ, ನಿಮ್ಮ ಹಳೇ ಎಂಜಿನ್ನನ್ನು ಗುಜರಿಗೆ ಹಾಕುವ ಆತುರ ಬೇಡ. ಅದರ ಮೌಂಟ್ ಬ್ರ್ಯಾಕೆಟ್ಟು, ಯಾವುದೋ ಒಂದು ಉದ್ದದ ಬೋಲ್ಟು, ಗೇರ್‌ಬಾಕ್ಸ್ ಸರಿಯಾಗಿ ಕೂರಿಸುವ ಡೋವೆಲ್ಲು, ಹೊಸದು ನಾಲ್ಕು ವಾರ ತೊಂದರೆ ಕೊಡದೆ ಓಡುವವರೆಗೂ ಬೇಕಾಗುತ್ತಲೇ ಇರುತ್ತವೆ.